ಕಾಣದ ಕಪ್ಪುಕುಳಿಯನ್ನು ತೂಗುವುದು ಹೇಗೆ?

ಪ್ರಶ್ನೆ: ಬೆಳಕನ್ನೇ ಹೊರಬಿಡದ ಕಪ್ಪುಕುಳಿಯ ದ್ರವ್ಯರಾಶಿಯನ್ನು ಬೆಳಕಿನ ದೂರದರ್ಶಕದಿಂದ ಅಳೆಯಲು ಸಾಧ್ಯವೇ?

ಉತ್ತರ: ಸಾಧ್ಯ. ಕಪ್ಪುಕುಳಿ ಕಾಣದಿದ್ದರೂ ಅದನ್ನು ಸುತ್ತುವ ಅನಿಲ ಹೊಳೆಯುತ್ತದೆ. ನಮ್ಮತ್ತ ಬರುವ ಅನಿಲದ ಬೆಳಕು ರೋಹಿತದಲ್ಲಿ (ಬೆಳಕು ಬಿಡಿಬಿಡಿಯಾದಾಗ ಕಾಣುವ ಬಣ್ಣಗಳ ಪಟ್ಟಿಯಲ್ಲಿ) ನೀಲಿಯ ಕಡೆಗೂ, ದೂರ ಸರಿಯುವ ಅನಿಲದ್ದು ಕೆಂಪಿನ ಕಡೆಗೂ ಸರಿಯುವುದರಿಂದ ಅನಿಲದ ವೇಗವೂ, ಆ ವೇಗದಿಂದ ನಡುವಿನ ದ್ರವ್ಯರಾಶಿಯೂ ತಿಳಿಯುತ್ತವೆ. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ87 ಗೆಲಾಕ್ಸಿಯ ಕೇಂದ್ರದಿಂದ ನೇರ ಕಿರಣವೊಂದು ಚಿಮ್ಮಿರುವುದನ್ನು ಖಗೋಳವಿಜ್ಞಾನಿ ಹೀಬರ್ ಕರ್ಟಿಸ್ 1918ರಲ್ಲೇ ಗುರುತಿಸಿದ್ದರು. 1994ರಲ್ಲಿ ಹಬಲ್ ದೂರದರ್ಶಕವು ಅಲ್ಲಿನ ಅನಿಲದ ತಟ್ಟೆ ಸೆಕೆಂಡಿಗೆ ಸುಮಾರು 550 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುವುದನ್ನು ತೋರಿಸಿತು. ಗೆಲಾಕ್ಸಿಯ ಕೇಂದ್ರದ ಚಿಕ್ಕ ಜಾಗದಲ್ಲಿ 200 ಕೋಟಿಗೂ ಹೆಚ್ಚು ಸೂರ್ಯರ ದ್ರವ್ಯರಾಶಿ ಅಡಗಿದೆ ಎಂಬುದು ಆಗಲೇ ಖಚಿತವಾಯಿತು. ರೇಡಿಯೊ ದೂರದರ್ಶಕಗಳು ಸೆರೆಹಿಡಿದ, 2019ರಲ್ಲಿ ಪ್ರಕಟವಾದ ಇದೇ ಕಪ್ಪುಕುಳಿಯ ಚಿತ್ರದಷ್ಟೇ ರೋಮಾಂಚಕವಾದ ಅಳತೆಯಿದು ಎಂದು ನಾನು ಭಾವಿಸುತ್ತೇನೆ. ಆ ಚಿತ್ರವು ದ್ರವ್ಯರಾಶಿಯನ್ನು ಸುಮಾರು 650 ಕೋಟಿ ಸೂರ್ಯರಷ್ಟೆಂದು ತಿಳಿಸಿತು.