ಶಾಲೆಯ ಹಳೇ ಗ್ರೂಪ್ ಫೋಟೋ: ಸ್ಕ್ಯಾನರ್ ಆಮೇಲೆ, ಮೊದಲು ಹೆಸರು

"ನಮ್ಮೂರ ಸರ್ಕಾರಿ ಶಾಲೆಗೆ ಮುಂದಿನ ವರ್ಷ ನೂರು ತುಂಬುತ್ತದೆ. ಹಳೇ ಗ್ರೂಪ್ ಫೋಟೋ, ಜಾತ್ರೆ, ನಾಟಕದ ಫೋಟೋ ಎಲ್ಲ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಬೇಕೆಂದಿದ್ದೇವೆ. ಯಾವ ಸ್ಕ್ಯಾನರ್ ಕೊಳ್ಳಬೇಕು?" ಅಂತ ಕೇಳಿದ್ದೀರಿ.

ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಇದೇ ಕೆಲಸಕ್ಕೆ ಇಳಿದಾಗ ನಾವೂ ಸ್ಕ್ಯಾನರಿನಿಂದಲೇ ಶುರು ಮಾಡಿದ್ದೆವು. ಯಾವುದು ಒಳ್ಳೆಯದು, ಎಲ್ಲಿ ಅಗ್ಗ ಅಂತ ಮೂರು ತಿಂಗಳು ಮೊಬೈಲ್ ನೋಡುತ್ತ ಕೂತೆವು. ಅಷ್ಟರಲ್ಲಿ ನಮ್ಮಲ್ಲಿದ್ದ ಅತಿ ಹಳೇ ಫೋಟೋದಲ್ಲಿರುವವರ ಪೈಕಿ ಊರಲ್ಲಿ ಉಳಿದಿದ್ದ ಒಬ್ಬರೇ ಅಜ್ಜ ತೀರಿಕೊಂಡರು. ಆ ಫೋಟೋದಲ್ಲಿ 43 ಜನ ಇದ್ದಾರೆ. ನಮಗೆ ಹೆಸರು ಗೊತ್ತಿರುವುದು ಒಂಬತ್ತು ಜನರದ್ದು.

ಹಾಗಾಗಿ ಮೊದಲು ಹೆಸರು ಹಿಡಿಯಿರಿ. ಇದ್ದ ಫೋಟೋವನ್ನು ಮೊಬೈಲ್‌ನಲ್ಲೇ ತೆಗೆದು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಪ್ರತಿ ಮುಖದ ಮೇಲೆ ಒಂದು ನಂಬರು ಬರೆಯಿರಿ. ಕೆಳಗಿನ ಸಾಲಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ. "ಎಡದಿಂದ" ಅಂದರೆ ನೋಡುವವರ ಎಡವೋ, ಕೂತವರ ಎಡವೋ ಅನ್ನೋದನ್ನೂ ಹಾಳೆಯ ಮೇಲೆ ಬರೆದಿಡಿ. ಇದೊಂದರಿಂದ ನಾವು ಇಡೀ ಒಂದು ಸಾಲು ಉಲ್ಟಾ ಮಾಡಿಕೊಂಡಿದ್ದೆವು.

ಹಿರಿಯರನ್ನು ಇಬ್ಬರಾದರೂ ಒಟ್ಟಿಗೆ ಕೂರಿಸಿ. ಒಬ್ಬರೇ ಇದ್ದರೆ "ಯಾರಿಗೆ ನೆನಪೈತೋ ತಮ್ಮಾ" ಅಂದು ಚಹಾ ಕುಡಿಸಿ ಕಳಿಸುತ್ತಾರೆ. ಇಬ್ಬರಿದ್ದರೆ ಜಗಳ ಶುರುವಾಗುತ್ತದೆ, ಆ ಜಗಳವೇ ನಿಮಗೆ ಬೇಕಾದದ್ದು. ನಮ್ಮಲ್ಲಿ 22ನೇ ನಂಬರಿನ ಹುಡುಗನ ಮೇಲೆ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಒಬ್ಬರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು, "ಏ, ಇಂವ ಬಡಿಗೇರ ಹುಡುಗ ಅಲ್ಲೋ. ಕಾಲಾಗ ಚಪ್ಪಲಿ ಐತಿ ನೋಡು. ಆಗ ನಮ್ಮ ಸಾಲ್ಯಾಗ ಚಪ್ಪಲಿ ಹಾಕ್ಕೊಂಡು ಬರಾಂವ ಒಬ್ಬನಽ ಇದ್ದ" ಅಂದರು. ಹೆಸರೂ ಬಂತು, ಬರೆಯದೇ ಬಿಡಬಾರದ ಇನ್ನೊಂದು ಸಂಗತಿಯೂ ಬಂತು. ಅದಕ್ಕೇ ಹೇಳುವುದು, ಮೊಬೈಲ್‌ನಲ್ಲಿ ಆಡಿಯೋ ರೆಕಾರ್ಡಿಂಗ್ ಆನ್ ಮಾಡಿ ಪಕ್ಕಕ್ಕಿಡಿ. ಅವರ ಒಪ್ಪಿಗೆ ಕೇಳಿಯೇ ಮಾಡಿ.

ಹುಡುಗಿಯರ ಸಾಲಿಗೆ ಹೆಚ್ಚು ಓಡಾಟ ಬೇಕಾಗುತ್ತದೆ. ಲಗ್ನವಾಗಿ ಬೇರೆ ಊರಿಗೆ ಹೋದವರು, ಅಡ್ಡಹೆಸರು (ಮನೆತನದ ಹೆಸರು) ಬದಲಾದವರು. ನಮ್ಮ ಕಡೆ ಕೆಲವು ಮನೆಗಳಲ್ಲಿ ಅತ್ತೆಮನೆಯವರು ಹೆಸರನ್ನೇ ಬದಲಿಸುತ್ತಿದ್ದರು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಈಗಿನ ಆಧಾರ್ ಕಾರ್ಡಿನಲ್ಲಿ ಇನ್ನೊಂದು. ತವರುಮನೆಯಲ್ಲಿ ವಿಚಾರಿಸಿ, ಎರಡೂ ಹೆಸರು ಬರೆಯಿರಿ.

ಇಸವಿ ಗೊತ್ತಾಗದಿದ್ದರೆ ಫೋಟೋವನ್ನೇ ಕೇಳಿ. ಮುಂದೆ ಕೂತ ಹುಡುಗನ ಕೈಯ ಪಾಟಿ, ಹಿಂದಿನ ಬೋರ್ಡು, ಫೋಟೋ ಅಂಟಿಸಿದ ರಟ್ಟಿನ ಮೇಲಿನ ಸ್ಟುಡಿಯೋ ಮುದ್ರೆ ಎಲ್ಲ ಓದಿ. "ಮೈಸೂರು ರಾಜ್ಯ" ಅಂತಿದ್ದರೆ ಬಹುತೇಕ 1973ರ ನವೆಂಬರಿಗಿಂತ ಮೊದಲಿನದು. ಸ್ಟುಡಿಯೋ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ರಟ್ಟು 1972ರ ಆಗಸ್ಟ್ 15ರ ನಂತರದ್ದು, ಪಿನ್‌ಕೋಡ್ ಶುರುವಾದದ್ದೇ ಅವತ್ತು. ನಮ್ಮ ಕಡೆಗೆ ಇನ್ನೊಂದು ಗುರುತು: ಬೋರ್ಡಿನಲ್ಲಿ "ಜಿ॥ ಧಾರವಾಡ" ಅಂತಿದ್ದರೆ 1997ಕ್ಕಿಂತ ಹಿಂದಿನದು, ಹಾವೇರಿ ಜಿಲ್ಲೆಯಾದದ್ದು ಆಗ.

ಈಗ ಸ್ಕ್ಯಾನರ್. ಹೊಸದೇ ಬೇಕಿಲ್ಲ. ಫೋಟೋವನ್ನು ಗಾಜಿನ ಮೇಲೆ ಮಲಗಿಸಿ ಸ್ಕ್ಯಾನ್ ಮಾಡುವ ಯಾವುದಾದರೂ ಫ್ಲ್ಯಾಟ್‌ಬೆಡ್ ಸಾಕು, ಆದರೆ ಒಂದು ವಿಷಯ ತಿಳಿದಿರಲಿ. ತೆಳ್ಳಗಿನ ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಅನ್ನೋ ಬಗೆಯ ಸೆನ್ಸರ್ (ಚಿತ್ರ ಓದುವ ಭಾಗ) ಇರುತ್ತದೆ. ಗಾಜಿಗೆ ಅಂಟಿ ಕೂತದ್ದು ಮಾತ್ರ ಅದರಲ್ಲಿ ಚೊಕ್ಕವಾಗಿ ಬರುತ್ತದೆ, ಸೊಟ್ಟಗಾದ ರಟ್ಟಿನ ಫೋಟೋ ಅಂಚಿನಲ್ಲಿ ಮಸುಕಾಗುತ್ತದೆ. ಸಿಸಿಡಿ ಸೆನ್ಸರ್ ಇರುವ ದಪ್ಪ ಸ್ಕ್ಯಾನರ್ ಎರವಲು ಸಿಕ್ಕರೆ ಅದೇ ಒಳ್ಳೆಯದು. 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಇಟ್ಟುಕೊಳ್ಳಿ. ಲೆಕ್ಕ ಹೀಗೆ: ನಲವತ್ತು ಜನರ ಫೋಟೋದಲ್ಲಿ ಒಂದು ಮುಖ ಹೆಚ್ಚೆಂದರೆ 8 ಮಿಲಿಮೀಟರ್ ಅಗಲ. 300 ಡಿಪಿಐನಲ್ಲಿ ಅದು ಸುಮಾರು 95 ಪಿಕ್ಸೆಲ್, 600ರಲ್ಲಿ 190. ಗುರುತು ಹಿಡಿಯಲು ಈ ವ್ಯತ್ಯಾಸ ದೊಡ್ಡದು. 1200ಕ್ಕೆ ಹೋದರೆ ಕಾಗದದ ನಾರು ಕಾಣುತ್ತದೆಯೇ ಹೊರತು ಮುಖ ಹೆಚ್ಚು ಕಾಣುವುದಿಲ್ಲ. ಕಪ್ಪು ಬಿಳುಪಿನದಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಲೆ ತೆಗೆಯುವಾಗ ಅನುಕೂಲ. ಮೂಲ ಪ್ರತಿಯನ್ನು ಏನೂ ಕಳೆಯದ ಟಿಫ್ ಕಡತವಾಗಿ ಇಡಿ, ಹಂಚುವುದಕ್ಕೆ ಚಿಕ್ಕದಾಗುವ ಜೆಪೆಗ್ ಮಾಡಿ. 6×8 ಇಂಚಿನ ಒಂದು ಟಿಫ್ ಸುಮಾರು 52 ಎಂಬಿ ಆಗುತ್ತದೆ, ಹೆದರಬೇಡಿ. ಎ4 ಗಾಜಿನ ಮೇಲೆ ಹಿಡಿಯದ ದೊಡ್ಡ ಫೋಟೋವನ್ನು ಎರಡು ಸಲಕ್ಕೆ, ನಡುವೆ ಒಂದಿಷ್ಟು ಎರಡರಲ್ಲೂ ಬರುವಂತೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.

ಫ್ರೇಮಿನ ಗಾಜಿಗೆ ಅಂಟಿದ ಫೋಟೋವನ್ನು ಮಾತ್ರ ದಯವಿಟ್ಟು ಕೀಳಬೇಡಿ. ನಾನು ಕಿತ್ತಿದ್ದೇನೆ. ಹೆಡ್ ಮಾಸ್ತರರ ಅರ್ಧ ಮುಖ ಗಾಜಿನ ಮೇಲೇ ಉಳಿಯಿತು. ಫೋಟೋದ ಮೇಲ್ಪದರ ಜೆಲಾಟಿನ್, ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜು ಹಿಡಿದರೆ ಬಿಡುವುದಿಲ್ಲ. ಗಾಜಿನ ಸಮೇತವೇ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆಯಿರಿ: ಹಗಲು ಹೊತ್ತು, ನೆರಳಿನ ಪಡಸಾಲೆಯಲ್ಲಿ, ಕ್ಯಾಮೆರಾ ಹಿಡಿದವರ ಬೆನ್ನ ಹಿಂದೆ ಕಪ್ಪು ಕಂಬಳಿ ಹಿಡಿಸಿದರೆ ಪ್ರತಿಬಿಂಬ ಹೋಗುತ್ತದೆ. ಬೂಸ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಒಣ ಮೆದು ಬ್ರಷ್ ಸಾಕು.

ಇನ್ನೊಂದು, ಯಾರ ಮನೆಯ ಫೋಟೋವನ್ನೂ "ನಾಳೆ ತಂದುಕೊಡ್ತೀವ್ರಿ" ಅಂತ ಒಯ್ಯಬೇಡಿ. ಸ್ಕ್ಯಾನರ್ ಲ್ಯಾಪ್‌ಟಾಪ್ ಎರಡನ್ನೂ ಅವರ ಮನೆಗೇ ಹೊತ್ತುಕೊಂಡು ಹೋಗಿ. ಹಿಂದೆ ಯಾರೋ ಸ್ಮರಣ ಸಂಚಿಕೆಗೆ ಅಂತ ಒಯ್ದು ಕಳೆದಿರುತ್ತಾರೆ, ಆ ಸಿಟ್ಟು ಇನ್ನೂ ಇರುತ್ತದೆ.

ಎಐ ಆ್ಯಪಿನಲ್ಲಿ ಹಾಕಿ "ಚಂದ" ಮಾಡುವ ಉತ್ಸಾಹಿಗಳು ನಿಮ್ಮ ತಂಡದಲ್ಲೂ ಇರುತ್ತಾರೆ. ನಮ್ಮಲ್ಲಿ ಒಬ್ಬ ಹುಡುಗ ಮಾಡಿ ತಂದ. ಹಲ್ಲು, ಹುಬ್ಬು, ಕಣ್ಣಿನ ಹೊಳಪು ಎಲ್ಲ ಬಂದಿತ್ತು. ಫೋಟೋ ಕೊಟ್ಟ ಅಮ್ಮ ಸ್ವಲ್ಪ ಹೊತ್ತು ನೋಡಿ, "ಹುಡುಗ ಚಂದ ಅದಾನಪಾ. ಆದ್ರ ಇಂವ ನಮ್ಮಣ್ಣ ಅಲ್ಲ" ಅಂದು ಮೊಬೈಲ್ ವಾಪಸ್ ಕೊಟ್ಟರು. ಮಸುಕಾದ ಮುಖಕ್ಕೆ ಆ್ಯಪು ತಾನೇ ಒಂದು ಮುಖ ಊಹಿಸಿ ಕೂರಿಸುತ್ತದೆ. ಗೀರು, ಕಲೆ ತೆಗೆಯಿರಿ, ಬೆಳಕು ಸರಿಮಾಡಿ. ಮುಖಕ್ಕೆ ಕೈ ಹಾಕಬೇಡಿ.

ಹಂಚುವಾಗ ವಾಟ್ಸಾಪ್ ನಂಬಬೇಡಿ. ಅಲ್ಲಿ ಫೋಟೋ ಕುಗ್ಗುತ್ತದೆ, ಕಡತದ ಹೆಸರು ಹೋಗಿ ಕಳಿಸಿದ ತಾರೀಖು ಕೂರುತ್ತದೆ. 1962ರ ಫೋಟೋ ಗ್ಯಾಲರಿಯಲ್ಲಿ ನಿನ್ನೆಯದಾಗುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅದಕ್ಕಿಂತ ಉತ್ತಮ ಉಪಾಯ ಹಳೇ ಸ್ಟುಡಿಯೋದವರದ್ದೇ: ಫೋಟೋದ ಕೆಳಗೆ ಬಿಳಿ ಪಟ್ಟಿ ಸೇರಿಸಿ ಹೆಸರು, ಇಸವಿ, ಊರು, ಕೊಟ್ಟವರ ಮನೆತನ ಎಲ್ಲ ಅದರಲ್ಲೇ ಬರೆಯಿರಿ. ಚಿತ್ರ ಎಲ್ಲಿ ಹೋದರೂ ಹೆಸರು ಜೊತೆಗೆ ಹೋಗುತ್ತದೆ. ಹೆಸರು ಸಿಗದ ನಂಬರಿನ ಮುಂದೆ ಪ್ರಶ್ನೆ ಚಿಹ್ನೆ ಇರಲಿ. ಪ್ರಶ್ನೆ ಚಿಹ್ನೆ ಕಂಡರೆ ಜನಕ್ಕೆ ಸುಮ್ಮನಿರಲು ಆಗುವುದಿಲ್ಲ. ಬಹುಕಾಲ ಉಳಿಯಬೇಕಾದ್ದನ್ನು ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಆನ್‌ಲೈನ್ ಸಂಗ್ರಹಕ್ಕೆ ಏರಿಸಿ. ವಿಕಿಪೀಡಿಯದ ಚಿತ್ರಗಳಿರುವ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಅನ್ನೋದು ಗೊತ್ತಿದ್ದೇ ಹಾಕಿ.

ಹಕ್ಕಿನ ಪ್ರಶ್ನೆ ಬಂದೇ ಬರುತ್ತದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. 2012ರ ತಿದ್ದುಪಡಿಗೆ ಮೊದಲು ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತಿತ್ತು, ಈಗ ಫೋಟೋ ತೆಗೆದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಹಾಗಿದ್ದರೂ ಸ್ಟುಡಿಯೋ ಹೆಸರು ಹಾಕಿ, ಕೊಟ್ಟ ಮನೆಯವರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ. ಕಾನೂನಿಗಿಂತ ಊರಿನ ಮಾತು ದೊಡ್ಡದು. ಶಾಲೆಯ ದಾಖಲಾತಿ ರಿಜಿಸ್ಟರಿನ ಪುಟವನ್ನಂತೂ ಆನ್‌ಲೈನ್‌ಗೆ ಹಾಕಲೇಬೇಡಿ. ಅದರಲ್ಲಿ ಜಾತಿ, ಜನ್ಮದಿನಾಂಕ ಎಲ್ಲ ಇರುತ್ತದೆ. ನಾವು ಸಂಭ್ರಮದಲ್ಲಿ ಒಂದು ಪುಟ ಹಾಕಿ, ಸಂಜೆಯೊಳಗೆ ಬೈಸಿಕೊಂಡು ತೆಗೆದೆವು.

ಸ್ಕ್ಯಾನರ್ ಮುಂದಿನ ತಿಂಗಳು ಬಂದರೂ ನಡೆಯುತ್ತದೆ. ಈ ಭಾನುವಾರ ಎ3 ಹಾಳೆ ಹಿಡಿದು ಊರಿನ ಅತಿ ಹಿರಿಯರ ಮನೆಗೆ ಹೋಗಿ. ಬೆಳಿಗ್ಗೆ ಹತ್ತರೊಳಗೆ ಹೋಗಿ, ಊಟ ಆದಮೇಲೆ ಮಲಗಿಬಿಡುತ್ತಾರೆ.