ಚಮಚದಿಂದ ಕಲಕಿಯೇ ನೀರನ್ನು ಕುದಿಸಬಹುದೇ?

ಪ್ರಶ್ನೆ: ಒಂಬತ್ತು ವರ್ಷದ ನನ್ನ ಮಗಳು ಲೋಟದ ನೀರನ್ನು ಚಮಚದಿಂದ ಕಲಕುತ್ತ, "ಒಲೆಯೇ ಇಲ್ಲದೆ ಹೀಗೆ ಕಲಕುತ್ತಲೇ ಇದ್ದರೆ ನೀರು ಯಾವತ್ತಾದರೂ ಕುದಿಯುತ್ತದೆಯೇ?" ಎಂದು ಕೇಳಿದಳು. ಹುಚ್ಚು ಪ್ರಶ್ನೆಯೆಂದು ನಕ್ಕೆ. "ಅಂಗೈ ಉಜ್ಜಿದರೆ ಬಿಸಿಯಾಗುತ್ತದಲ್ಲ?" ಎಂದು ಅವಳು ಮತ್ತೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ಮಗಳ ತರ್ಕ ಸರಿಯಾಗಿಯೇ ಇದೆ. ಕಲಕುವುದನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಲೋಟದೊಳಗಿನ ಸುಳಿ ಅಡಗುತ್ತದೆ. ಆದರೆ ಆ ಚಲನೆಯಲ್ಲಿದ್ದ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ, ನೀರಿನ ಪದರಗಳು ಒಂದರ ಮೇಲೊಂದು ಉಜ್ಜಿಕೊಂಡು ಅದನ್ನು ಶಾಖವಾಗಿ ಮಾರ್ಪಡಿಸುತ್ತವೆ. ಹಾಗಾಗಿ ಕಲಕಿದ ನೀರು ಬಿಸಿಯಾಗುವುದು ನಿಶ್ಚಯ. ಎಷ್ಟು ಬಿಸಿಯಾಗುತ್ತದೆ ಎಂಬುದನ್ನಷ್ಟೇ ಲೆಕ್ಕ ಹಾಕಬೇಕು, ಮತ್ತು ಈ ಲೆಕ್ಕಕ್ಕೆ ಇಳಿದ ಕೂಡಲೇ ಹುಚ್ಚು ಪ್ರಶ್ನೆಯೊಂದು ಭೌತವಿಜ್ಞಾನದ ಪ್ರಶ್ನೆಯಾಗಿಬಿಡುತ್ತದೆ.

ಲೋಟದಲ್ಲಿ 200 ಗ್ರಾಂ ನೀರಿದೆ, ಅದರ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಶಕ್ತಿ ಬೇಕಾಗುವುದರಿಂದ, ಈ ಲೋಟದ ನೀರು 100 ಡಿಗ್ರಿ ಮುಟ್ಟಲು ಹೆಚ್ಚುಕಡಿಮೆ 63,000 ಜೂಲ್ ಬೇಕು. ಚಮಚದ ಅಗಲ ಭಾಗದ ವಿಸ್ತೀರ್ಣ 10 ಚದರ ಸೆಂಟಿಮೀಟರ್, ಅದು ಚಲಿಸುವ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದಾದರೆ, ನೀರಿನ ಪ್ರತಿರೋಧದ ವಿರುದ್ಧ ಕೈ ಮಾಡುವ ಕೆಲಸ ಸೆಕೆಂಡಿಗೆ ಸುಮಾರು 0.06 ಜೂಲ್. ಒಂದಿಷ್ಟೂ ಶಾಖ ಹೊರಗೆ ಹೋಗದ ಲೋಟವೊಂದು ನಮ್ಮ ಬಳಿ ಇದ್ದರೆ, ಊಟ ನಿದ್ರೆ ಬಿಟ್ಟು ಸುಮಾರು ಹನ್ನೆರಡು ದಿನ ಕಲಕಿದಾಗ ನೀರು ಕುದಿಯುವ ಹಂತಕ್ಕೆ ಬರುತ್ತದೆ.

ಅಂಥ ಲೋಟ ಇಲ್ಲ. ನೀರು ಕೋಣೆಯ ಗಾಳಿಗಿಂತ ತುಸು ಬಿಸಿಯಾದೊಡನೆ ಲೋಟದ ಗೋಡೆಯಿಂದಲೂ ನೀರಿನ ಮೇಲ್ಮೈಯಿಂದಲೂ ಶಾಖ ಸೋರತೊಡಗುತ್ತದೆ; ಸಾಮಾನ್ಯ ಲೋಟವೊಂದರಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸೆಕೆಂಡಿಗೆ ಸುಮಾರು 0.3 ಜೂಲ್ ಹೊರಹೋಗುತ್ತದೆ ಎಂದು ಅಂದಾಜಿಸಬಹುದು. ಅಂದರೆ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಏರುವಷ್ಟರಲ್ಲಿ ಆದಾಯ ಖರ್ಚು ಸಮವಾಗಿ, ಅಲ್ಲಿಂದ ಮುಂದೆ ವರ್ಷಗಟ್ಟಲೆ ಕಲಕಿದರೂ ಪಾದರಸ ಮೇಲೇರುವುದಿಲ್ಲ. ಬಿಸಿ ಹಾಲನ್ನು ಕಲಕಿದರೆ ಅದು ಬೇಗ ಆರುವುದೂ ಇದೇ ಕಾರಣಕ್ಕೆ: ಚಮಚ ಕೊಡುವ ಶಾಖ ಅತ್ಯಲ್ಪ, ತಳದ ಬಿಸಿ ಹಾಲನ್ನು ಮೇಲಕ್ಕೆ ತಂದು ಗಾಳಿಗೆ ಒಡ್ಡುವುದರಿಂದ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.

ಜೋರಾಗಿ ಕಲಕಿದರೆ? ವೇಗ ಇಮ್ಮಡಿಯಾದರೆ ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುವುದರಿಂದ ಇಲ್ಲಿ ಆಸೆಗೆ ಎಡೆಯಿದೆ. ಸೋರಿಕೆಯನ್ನು ಮರೆತರೂ ಹತ್ತು ನಿಮಿಷದಲ್ಲಿ ಕುದಿಸಲು ಚಮಚ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ, ಎಂದರೆ ಲೋಟದೊಳಗೆ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸುತ್ತು ತಿರುಗಬೇಕು. ನೀರೂ ಚಮಚದ ಜೊತೆಗೇ ಆ ವೇಗದಲ್ಲಿ ಸುತ್ತತೊಡಗಿದರೆ ಅಂಚಿನ ನೀರು ನಡುಭಾಗಕ್ಕಿಂತ ಸುಮಾರು 1.8 ಮೀಟರ್ ಮೇಲಕ್ಕೇರಲು ನೋಡುತ್ತದೆ, ಲೋಟ ಬರಿದಾಗುತ್ತದೆ. ಅಷ್ಟೇ ಅಲ್ಲ, ಜೊತೆಗೇ ಸುತ್ತುವ ನೀರು ಚಮಚವನ್ನು ತಡೆಯುವುದೂ ಇಲ್ಲ. ತಡೆಯಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದೆ ಶಾಖವಿಲ್ಲ.

ಈ ತೊಡಕನ್ನು 1840ರ ದಶಕದಲ್ಲೇ ಒಬ್ಬರು ಬಿಡಿಸಿದ್ದರು. ಮ್ಯಾಂಚೆಸ್ಟರ್ ಬಳಿ ಬಿಯರ್ ತಯಾರಿಸುವ ಕುಟುಂಬದಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲ್ ನಿಮ್ಮ ಮಗಳ ಪ್ರಯೋಗವನ್ನೇ ಮಾಡಿದರು. ಕೆಳಗಿಳಿಯುವ ಭಾರಗಳಿಂದ ತಿರುಗುವ ಹುಟ್ಟುಗಳನ್ನು ನೀರಿನ ಪಾತ್ರೆಯೊಳಗೆ ಇಟ್ಟು, ನೀರು ಸುಮ್ಮನೆ ಸುತ್ತದಂತೆ ಪಾತ್ರೆಗೆ ಒಳಗಿನಿಂದ ಅಲುಗದ ತಡೆಹಲಗೆಗಳನ್ನು ಜೋಡಿಸಿದರು. ಭಾರಗಳನ್ನು 20 ಬಾರಿ ಇಳಿಸಿದರೂ ನೀರಿನ ಉಷ್ಣತೆ ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಸ್ವಲ್ಪವೇ ಹೆಚ್ಚು ಏರುತ್ತಿತ್ತು. ಇಂತಿಷ್ಟು ಶಾಖ ಹುಟ್ಟಲು ಎಷ್ಟು ಕೆಲಸ ಬೇಕು ಎಂಬುದಕ್ಕೆ ಅಷ್ಟು ಪುಟ್ಟ ಏರಿಕೆಯಿಂದ ಅವರು 1850ರಲ್ಲಿ ಪ್ರಕಟಿಸಿದ ಅಂಕಿ ಇಂದಿನ ಮೌಲ್ಯಕ್ಕೆ ಶೇಕಡಾ ಒಂದರೊಳಗೆ ಹೊಂದುತ್ತದೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ನಯಾಗರ ಜಲಪಾತದ ಬುಡದ ನೀರು ಮೇಲಿನದಕ್ಕಿಂತ ಒಂದು ಡಿಗ್ರಿ ಫ್ಯಾರನ್‌ಹೀಟ್‌ನ ಐದನೇ ಒಂದು ಭಾಗದಷ್ಟು ಬೆಚ್ಚಗಿರಬೇಕೆಂದೂ ಅವರು ಲೆಕ್ಕ ಹಾಕಿದ್ದರು.

ಇನ್ನು ಕುದಿಸುವ ಮಾತು. ಒಲೆಯಿಲ್ಲದೆ ನೀರು ಕುದಿದದ್ದು ಅದಕ್ಕೂ ಮುಂಚೆಯೇ. ಮ್ಯೂನಿಕ್‌ನ ಶಸ್ತ್ರಾಗಾರದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಫಿರಂಗಿಯ ಲೋಹವನ್ನು ನೀರಿನಲ್ಲಿ ಮುಳುಗಿಸಿ, ಕುದುರೆಗಳ ಬಲದಿಂದ ಮೊಂಡು ಬೈರಿಗೆಯ ಮೇಲೆ ಉಜ್ಜಿಸಿದಾಗ, ಎರಡೂವರೆ ಗಂಟೆಯಲ್ಲಿ ಸುಮಾರು 8.5 ಕಿಲೋಗ್ರಾಂ ನೀರು ಕುದಿಯಿತು. ಬೆಂಕಿಯಿಲ್ಲದೆ ಕುದಿಯುವ ನೀರನ್ನು ಕಂಡ ಜನ ದಂಗಾದರೆಂದು ಅವರು 1798ರ ಪ್ರಬಂಧದಲ್ಲಿ ಬರೆದಿದ್ದಾರೆ. ಶಾಖ ಒಂದು ದ್ರವವಲ್ಲ, ಚಲನೆಯ ರೂಪ ಎಂಬ ವಾದಕ್ಕೆ ಈ ಪ್ರಯೋಗ ದೊಡ್ಡ ಬಲವಾಯಿತು.

ಅಡುಗೆಮನೆಯ ಮಿಕ್ಸಿಯಲ್ಲೂ ಇದೇ ನಡೆಯುತ್ತದೆ; ಅದರ ಜಾರಿನ ಒಳಗೋಡೆಯ ಉಬ್ಬುಗೆರೆಗಳು ಜೂಲ್ ಅವರ ತಡೆಹಲಗೆಗಳ ಕೆಲಸವನ್ನೇ ಮಾಡುತ್ತವೆ. 1,000 ವಾಟ್ ಪೂರ್ತಿಯಾಗಿ ನೀರಿಗೆ ಸೇರಿದರೆ ಒಂದು ಲೀಟರ್ ನೀರು 25ರಿಂದ 75 ಡಿಗ್ರಿಗೆ ಏರಲು ಮೂರೂವರೆ ನಿಮಿಷ ಸಾಕು.

ಮಗಳು ತನ್ನ ಕೈಯಿಂದಲೇ ಶಾಖ ಹುಟ್ಟುವುದನ್ನು ನೋಡಬೇಕೆಂದರೆ ನೀರನ್ನು ಬಿಟ್ಟು ಉಕ್ಕನ್ನು ಆರಿಸಿಕೊಳ್ಳಿ, ಏಕೆಂದರೆ ಅದು ಬಿಸಿಯಾಗಲು ನೀರಿಗೆ ಬೇಕಾದ ಶಾಖದ ಒಂಬತ್ತನೇ ಒಂದು ಭಾಗ ಸಾಕು. ಒಂದು ಮೀಟರ್ ಉದ್ದದ ದಪ್ಪ ರಟ್ಟಿನ ಕೊಳವೆಯಲ್ಲಿ ಬೇರಿಂಗಿನ ಸಣ್ಣ ಉಕ್ಕಿನ ಗುಂಡುಗಳನ್ನು ಹಾಕಿ, ಎರಡೂ ಬಾಯಿ ಮುಚ್ಚಿ, ಗುಂಡುಗಳು ಒಂದು ತುದಿಯಿಂದ ಇನ್ನೊಂದಕ್ಕೆ ಬೀಳುವಂತೆ ನೂರು ಬಾರಿ ತಿರುಗಿಸಿ ಹಾಕಲಿ. ಲೆಕ್ಕದ ಪ್ರಕಾರ ಏರಿಕೆ ಸುಮಾರು 2 ಡಿಗ್ರಿ. ರಟ್ಟೂ ಗಾಳಿಯೂ ಅದರಲ್ಲಿ ಒಂದು ಪಾಲು ಕಸಿದುಕೊಳ್ಳುವುದರಿಂದ ಸ್ವಲ್ಪ ಕಡಿಮೆಯೇ ಸಿಗುತ್ತದೆ. ತಿರುಗಿಸುವ ಮೊದಲು ಮತ್ತು ತಿರುಗಿಸಿದ ತಕ್ಷಣ ಗುಂಡುಗಳ ನಡುವೆ ಥರ್ಮಾಮೀಟರ್ ಇಟ್ಟು ಓದಿಕೊಳ್ಳಲಿ, ಮತ್ತು ಗುಂಡುಗಳಿರುವ ತುದಿಯನ್ನು ಬರಿಗೈಯಲ್ಲಿ ಹಿಡಿಯದಂತೆ ಬಟ್ಟೆ ಸುತ್ತಿ. ಇಲ್ಲವಾದರೆ ಅಂಗೈಯ ಬಿಸಿಯೂ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.