ಶಾಲೆಗೆ ವಯಸ್ಸೆಷ್ಟು, ಕಟ್ಟಡಕ್ಕೆಷ್ಟು?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಒಂದು ಹೆಂಚಿನ ಮೇಲೆ ‘ಬಾಸೆಲ್ ಮಿಷನ್, 1865’ ಎಂಬ ಅಚ್ಚಿದೆ. ಕಟ್ಟಡ ಆ ವರ್ಷದ್ದೇ? ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸ ಬರೆಯಬೇಕಿದೆ.

ಉತ್ತರ: ಹಾಗೆ ಬರೆಯಬೇಡಿ. 1865 ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದ ಇಸವಿ, ಹೆಂಚು ಸುಟ್ಟ ವರ್ಷವಲ್ಲ. ಹೆಂಚು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ತಿಳಿಯುತ್ತದೆ. ‘ಕಾಮನ್‌ವೆಲ್ತ್’ ಎಂಬ ಅಚ್ಚಿದ್ದರೆ ಅದು ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಸೇರಿದ ಮೇಲಿನದು, ಅಂದರೆ ಮೊದಲ ಮಹಾಯುದ್ಧದ ಈಚಿನದು. ಒಡೆದ ಹೆಂಚನ್ನು ಬದಲಿಸುತ್ತಲೇ ಇರುತ್ತಾರೆ, ಬೇರೆ ಕಟ್ಟಡದಿಂದ ಇಳಿಸಿದ್ದನ್ನು ತಂದು ಹೊದಿಸುವುದೂ ಉಂಟು. ಹೆಂಚು ಕೈಯಾಡಿಸುವ ದಿನ ಎರಡೂ ಇಳಿಜಾರಿನ ಹೆಂಚುಗಳ ಅಚ್ಚು ನೋಡಿ, ಹೆಚ್ಚಿನವು ಯಾವುದೆಂದು ಬರೆದಿಟ್ಟುಕೊಳ್ಳಿ.

ಶಾಲೆಯ ವಯಸ್ಸೇ ಬೇರೆ. ಎಷ್ಟೋ ಶಾಲೆಗಳು ಗುಡಿಯ ಜಗಲಿಯಲ್ಲೋ ಮಠದಲ್ಲೋ ಶುರುವಾಗಿ, ಬಹಳ ವರ್ಷಗಳ ಮೇಲೆ ಸ್ವಂತ ಸೂರು ಕಂಡವು. ಇದಕ್ಕೆ ಅಡ್ಮಿಷನ್ ರಿಜಿಸ್ಟರೇ ಆಧಾರ. ಮೊದಲ ಸಾಲಿನ ಕ್ರಮಸಂಖ್ಯೆ 312 ಎಂದಿದ್ದರೆ ಹಿಂದಿನ ಪುಸ್ತಕ ಕಳೆದಿದೆ ಎಂದರ್ಥ. 1 ಇದ್ದರೂ ತರಗತಿಯ ಕಾಲಂ ನೋಡದೆ ಬಿಡಬೇಡಿ: ಮೊದಲ ದಿನವೇ ಮೂರನೇ, ನಾಲ್ಕನೇ ತರಗತಿಯ ಮಕ್ಕಳಿದ್ದರೆ, ಮೊದಲೇ ನಡೆಯುತ್ತಿದ್ದ ಶಾಲೆಗೆ ಹೊಸ ಪುಸ್ತಕ ಹಾಕಿರುವ ಸಾಧ್ಯತೆ ಇದೆ. ಇನ್‌ಸ್ಪೆಕ್ಟರುಗಳ ಭೇಟಿ ಪುಸ್ತಕ ಸಿಕ್ಕರಂತೂ ಅದೃಷ್ಟ. ಸೂರು ಸೋರಿದ್ದು, ಜಾಗ ಸಾಲದ್ದು, ಹೊಸ ಕೊಠಡಿ ಎದ್ದದ್ದು ಅದರಲ್ಲಿ ತಾರೀಖಿನ ಸಮೇತ ಸಿಗಬಹುದು.

ಊರಿನಾಚೆಯ ಹುಡುಕಾಟ 1956ರ ನವೆಂಬರ್ 1ಕ್ಕೆ ಮೊದಲು ನಿಮ್ಮೂರು ಯಾರ ಆಡಳಿತದಲ್ಲಿತ್ತು ಎಂಬುದರ ಮೇಲಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈಗೆ ಸೇರಿದ್ದವು. ದಕ್ಷಿಣ ಕನ್ನಡ ಮದ್ರಾಸಿಗೆ. ಬಳ್ಳಾರಿಯೂ 1953ರವರೆಗೆ ಮದ್ರಾಸಿಗೆ. ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಇಸವಿ) ಕಂಡರೆ 590 ಕೂಡಿಸಿ. ಫಸಲಿ 1340 ಎಂದರೆ 1930–31. ಹಳೇ ಮೈಸೂರಿನವರು ಬೆಂಗಳೂರಿನ ರಾಜ್ಯ ಪತ್ರಾಗಾರದಿಂದ ಶುರು ಮಾಡಲಿ.

ಪ್ರಶ್ನೆ: ಹಳೇ ರಿಜಿಸ್ಟರಿನ ಹಾಳೆಗಳು ಮುಟ್ಟಿದರೆ ಮುರಿಯುತ್ತವೆ. ಲ್ಯಾಮಿನೇಷನ್ ಮಾಡಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಹಾಳೆ ಹರಿಯದಂತೆ ಬಿಡಿಸಲಾಗದು. ಸೆಲ್ಲೋಟೇಪೂ ಬೇಡ, ಅದರ ಅಂಟು ಕಾಗದಕ್ಕಿಳಿದು ಕಂದು ಕಲೆ ಕಟ್ಟುತ್ತದೆ. ಹಾಳೆಯ ಕೆಳಗೆ ತೆಳು ರಟ್ಟು ಜಾರಿಸಿ, ಅದರ ಆಸರೆಯಲ್ಲೇ ತಿರುವಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಶಾಲೆಯಲ್ಲೇ, ಫ್ಲ್ಯಾಶ್ ಹಾಕದೆ ಕಿಟಕಿಯ ಬೆಳಕಿನಲ್ಲಿ ಪ್ರತಿ ಪುಟದ ಫೋಟೊ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಇಲ್ಲದಿದ್ದರೆ ನಡುವೆ ಹಾಳೆ ಕಳೆದಿತ್ತೋ, ಫೋಟೊ ತಪ್ಪಿತ್ತೋ ಆಮೇಲೆ ಗೊತ್ತಾಗುವುದಿಲ್ಲ.